ನಾಲ್ಕೂವರೆ ನಿಮಿಷ, ಒಂದೂ ಮಾತಿಲ್ಲ, ನಾನು ಅತ್ತುಬಿಟ್ಟೆ. ಬಿಡಿಸಿದ ಬೊಂಬೆಗೆ ಇಷ್ಟು ತಾಕತ್ತು ಎಲ್ಲಿಂದ ಬಂತು?

ನಿದ್ದೆಗೆಟ್ಟವಳು

ಮೊನ್ನೆ ಮಗಳು ಹಠ ಹಿಡಿದು ‘ಅಪ್’ ಹಾಕಿಸಿದಳು. 2009ರದ್ದು, ಬಲೂನು ಕಟ್ಟಿದ ಮನೆ ಹಾರಿ ಹೋಗುವ ಸಿನಿಮಾ. ನಾನು ಪಕ್ಕದಲ್ಲಿ ಕೂತು ಒಗೆದ ಬಟ್ಟೆ ಮಡಿಚುತ್ತಾ ಅರ್ಧ ಕಣ್ಣಲ್ಲಿ ನೋಡುತ್ತಿದ್ದೆ. ಶುರುವಾಗಿ ಕಾಲು ಗಂಟೆಯೂ ಆಗಿರಲಿಲ್ಲ. ಕಾರ್ಲ್ ಅನ್ನುವ ಹುಡುಗ, ಎಲ್ಲಿ (Ellie) ಅನ್ನುವ ಹುಡುಗಿ ಮದುವೆಯಾಗುತ್ತಾರೆ. ಹಳೇ ಮನೆ ಸರಿ ಮಾಡುತ್ತಾರೆ. ಮಗುವಿಗೆ ಅಂತ ಒಂದು ಕೋಣೆಗೆ ಬಣ್ಣ ಬಳಿಯುತ್ತಾರೆ. ಮುಂದಿನ ದೃಶ್ಯದಲ್ಲಿ ಎಲ್ಲಿ ಆಸ್ಪತ್ರೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಳೆ. ಅಷ್ಟೇ. ಯಾರೂ ಏನೂ ಹೇಳುವುದಿಲ್ಲ. ಇನ್ನೆರಡು ನಿಮಿಷಕ್ಕೆ ಇಡೀ ಸಂಸಾರ ಮುಗಿದು, ಮುದುಕ ಒಂದೇ ಒಂದು ಬಲೂನು ಹಿಡಿದುಕೊಂಡು ಕತ್ತಲೆ ಮನೆಯೊಳಗೆ ಹೋಗುತ್ತಾನೆ.

ನೋಡಿದರೆ ಕೈಯಲ್ಲಿದ್ದ ದಿಂಬಿನ ಕವರು ಒದ್ದೆಯಾಗಿದೆ. ಮಗಳು “ಅಮ್ಮಾ, ಯಾಕಮ್ಮ ಅಳ್ತಿದ್ದೀಯ? ಇನ್ನೂ ಸಿನಿಮಾನೇ ಶುರುವಾಗಿಲ್ಲ” ಅಂದಳು. ನಮ್ಮ ಮನೆಯವರಂತೂ ಎರಡು ದಿನದಿಂದ ಬಿಡುತ್ತಿಲ್ಲ. “ಕಂಪ್ಯೂಟರಿನಲ್ಲಿ ಮಾಡಿದ ಮುದುಕನಿಗೆ ಅಳ್ತಾಳೆ, ನಾನು ಜ್ವರ ಬಂದು ಮಲಗಿದ್ರೆ ಸೀರಿಯಲ್ ನೋಡ್ತಾಳೆ” ಅಂತ.

ತಮಾಷೆ ಪಕ್ಕಕ್ಕಿಡಿ. ನಿಜವಾದ ನಟರು ಮೂರು ಗಂಟೆ ಗೋಳಾಡಿದರೂ ನನಗೆ ಕಣ್ಣೀರು ಬರುವುದಿಲ್ಲ. ಇಲ್ಲಿ ಅಳುವುದಕ್ಕೆ ಮನುಷ್ಯರೇ ಇಲ್ಲ. ಆದರೂ ಯಾಕೆ ಹೀಗೆ? ಗೊತ್ತಿರುವವರು ಹೇಳಿ.

ತರ್ಲೆ

ಅದು ಸಂಗೀತದ ಕೈವಾಡ ಮೇಡಂ. ಆ ಟ್ಯೂನ್ ಹಾಕಿ ಗೋಡೆ ಕ್ಯಾಲೆಂಡರ್ ತೋರಿಸಿದರೂ ಜನ ಅಳ್ತಾರೆ.

ಮೂಲೆಸೀಟು

ತರ್ಲೆಯವರ ಮಾತು ಅರ್ಧ ನಿಜ. ಮೈಕೆಲ್ ಜಿಯಾಕಿನೋಗೆ ಆಸ್ಕರ್ ಬಂದಿದ್ದೇ ಆ ಸಿನಿಮಾದ ಸಂಗೀತಕ್ಕೆ. ಗಮನಿಸಿ ನೋಡಿ, ಅಲ್ಲಿ ಹೊಸ ಹೊಸ ಟ್ಯೂನ್ ಇಲ್ಲ. ಮದುವೆಯಲ್ಲಿ ಕುಣಿಯುವ ಅದೇ ರಾಗ ಕೊನೆಗೆ ಬರೀ ಪಿಯಾನೋದಲ್ಲಿ, ಒಂದೊಂದೇ ಬೆರಳಲ್ಲಿ ನುಡಿಸಿದ ಹಾಗೆ ಬರುತ್ತದೆ.

ಆದರೆ ಚಿತ್ರದಲ್ಲೂ ಅದೇ ಉಪಾಯ ಇದೆ. ದುಡ್ಡು ಕೂಡಿಡುವ ಗಾಜಿನ ಜಾಡಿ ನೆನಪಿದೆಯಾ? ಪ್ರವಾಸಕ್ಕೆ ಅಂತ ತುಂಬಿಸುತ್ತಾರೆ. ಕಾರಿನ ಟೈರು ಹೋಗುತ್ತದೆ, ಜಾಡಿ ಒಡೆಯುತ್ತಾರೆ. ಕಾಲು ಮುರಿಯುತ್ತದೆ, ಜಾಡಿ ಒಡೆಯುತ್ತಾರೆ. ಮನೆ ಮೇಲೆ ಮರ ಬೀಳುತ್ತದೆ, ಮತ್ತೆ ಜಾಡಿ. ಪ್ರತಿ ಸಲ ಒಂದೆರಡು ಸೆಕೆಂಡು, ಅಷ್ಟೇ. ಮೊದಲನೇ ಸಲ ನಗು ಬರುತ್ತದೆ. ಮೂರನೇ ಸಲ ನಗು ಬರಲ್ಲ. “ಬಡತನ ಇತ್ತು, ಆಸೆ ಈಡೇರಲಿಲ್ಲ” ಅಂತ ಒಂದು ಪಾತ್ರದ ಬಾಯಲ್ಲಿ ಹೇಳಿಸಿದ್ದರೆ ನೀವು ಬಟ್ಟೆ ಮಡಿಚುತ್ತಲೇ ಇರುತ್ತಿದ್ದಿರಿ.

ಗುಡ್ಡ ಹತ್ತುವುದೂ ಹಾಗೇ. ಚಿಕ್ಕವರಿದ್ದಾಗ ಎಲ್ಲಿ ಮುಂದೆ ಓಡುತ್ತಾಳೆ, ಕಾರ್ಲ್ ಏದುಸಿರು ಬಿಡುತ್ತಾ ಹಿಂದೆ. ವಯಸ್ಸಾದ ಮೇಲೆ ಅದೇ ಗುಡ್ಡ, ಅದೇ ಜಾಗ. ಈ ಸಲ ಅವನು ಮುಂದೆ. ಅವಳು ಬೀಳುತ್ತಾಳೆ. ಕಾಯಿಲೆಯ ಹೆಸರು ಬೇಕಾಗೇ ಇಲ್ಲ.

ಬಣ್ಣದಬುಗುರಿ

ಕನ್ನಡದವರಿಗೆ ಮಾತ್ರ ಆಗುವ ಒಂದು ಸಂಕಟ ಹೇಳ್ತೀನಿ. ಹೆಂಡತಿ ಹೋದ ಮೇಲೆ ಆ ಮುದುಕ ಮನೆ ಜೊತೆ ಮಾತಾಡುತ್ತಾನಲ್ಲ, “ಎಲ್ಲಿ... ಎಲ್ಲಿ...” ಅಂತ. ನಮ್ಮಜ್ಜಿ ಪಕ್ಕದಲ್ಲಿ ಕೂತು ಕೇಳಿಸಿಕೊಂಡು “ಪಾಪ, ಇನ್ನೂ ಹುಡುಕ್ತಾನೇ ಇದಾನೆ” ಅಂದರು. ಅವರಿಗೆ ಅದು ಹೆಸರು ಅಂತಲೇ ಗೊತ್ತಾಗಿರಲಿಲ್ಲ. ನಾನು ತಿದ್ದಲಿಲ್ಲ.

ನಿದ್ದೆಗೆಟ್ಟವಳು

ಅಯ್ಯೋ ಬುಗುರಿ, ಮತ್ತೆ ಅಳಿಸ್ತೀರಲ್ಲ.

ಸುಮ್ನೆಒಬ್ಬ

ಎಲ್ಲರೂ ಸೇರಿ ಒಂದು ಕಾರ್ಟೂನನ್ನು ಮಹಾಕಾವ್ಯ ಮಾಡ್ತಿದ್ದೀರಿ. ಇವು ಮಕ್ಕಳಿಗೆ ಅಂತ ಮಾಡಿದ್ದು. ದೊಡ್ಡವರು ದಿನವಿಡೀ ದಣಿದಿರುತ್ತಾರೆ, ಮನಸ್ಸು ಮೆತ್ತಗಾಗಿರುತ್ತದೆ, ಅಳು ಬರುತ್ತದೆ. ಅದಕ್ಕೆ ಕಲೆ ಗಿಲೆ ಅಂತ ಹೆಸರು ಯಾಕೆ?

ರೀಲುರಾಯ

ಬಂದರು ನೋಡಿ, ನಾನು ಕಾಯ್ತಾ ಇದ್ದೆ. “ಮಕ್ಕಳಿಗೆ ಮಾಡಿದ್ದು.”

ಸ್ವಾಮಿ, ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ಕವರ್ ಮೇಲೆ ಅಣ್ಣ ತಂಗಿ, ಮಿಂಚುಹುಳ ಇದ್ದವು ಅಂತ ಅಕ್ಕನ ಮಕ್ಕಳಿಗೆ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಹಾಕಿಬಿಟ್ಟೆ. 1988ರದ್ದು, ಇಸಾವೊ ತಕಹಾತಾ ಅವರದ್ದು. ಶುರುವಾಗುವುದೇ ಆ ಹುಡುಗ ರೈಲ್ವೆ ಸ್ಟೇಷನ್ನಿನ ಕಂಬಕ್ಕೆ ಒರಗಿ ಸಾಯುವುದರಿಂದ. ಬಾಂಬು ಬೀಳುವ ಹೊತ್ತಿಗೆ ಚಿಕ್ಕವನು ಸೋಫಾ ಹಿಂದೆ ಅಡಗಿಕೊಂಡ. ಬಂದ್ ಮಾಡಿದೆ. ಮಕ್ಕಳು ಮಲಗಿದ ಮೇಲೆ ನಾನೊಬ್ಬನೇ ಪೂರ್ತಿ ನೋಡಿದೆ. ಅಕ್ಕ ಇವತ್ತಿಗೂ ನನ್ನ ಕೈಗೆ ರಿಮೋಟ್ ಕೊಡಲ್ಲ.

ಇರಾನ್ ಕ್ರಾಂತಿಯ ‘ಪರ್ಸೆಪೊಲಿಸ್’ ಮಕ್ಕಳಿಗಾ? ಯುದ್ಧದ ‘ವಾಲ್ಟ್ಸ್ ವಿತ್ ಬಶೀರ್’ ಮಕ್ಕಳಿಗಾ? ಅನಿಮೇಷನ್ ಒಂದು ಮಾಧ್ಯಮ, ಕಥೆಯ ಜಾತಿ ಅಲ್ಲ. ನಿರ್ದೇಶಕ ಬ್ರಾಡ್ ಬರ್ಡ್ ಇದನ್ನೇ ವರ್ಷಗಳಿಂದ ಹೇಳಿ ಹೇಳಿ ಸುಸ್ತಾಗಿದ್ದಾರೆ.

ಸುಮ್ನೆಒಬ್ಬ

ಸರಿ ರಾಯರೇ, ಒಪ್ಪಿದೆ. ಹಾಗಾದರೆ ಯುದ್ಧದ ಕಥೆಯನ್ನು ನಟರನ್ನು ಹಾಕಿಯೇ ತೆಗೆಯಬಹುದಲ್ಲ? ಬಿಡಿಸಿ ಏನು ಸಿಕ್ಕಿತು?

ಅರ್ಧಚಂದ್ರ

ಇದು ಒಳ್ಳೆ ಪ್ರಶ್ನೆ. ‘ವಾಲ್ಟ್ಸ್ ವಿತ್ ಬಶೀರ್’ ಇಡೀ ಸಿನಿಮಾ ಮರೆತುಹೋದ ನೆನಪುಗಳ ಬಗ್ಗೆ. ನಿರ್ದೇಶಕರೇ ಯುದ್ಧದಲ್ಲಿದ್ದರು, ಅವರಿಗೇ ನೆನಪಿಲ್ಲ. ನೆನಪು ಹೇಗಿರುತ್ತದೋ ಚಿತ್ರಗಳೂ ಹಾಗೇ ಇವೆ. ಅರ್ಧ ಕನಸು, ಹಳದಿ ಬೆಳಕು. ಕೊನೆಯ ಒಂದು ನಿಮಿಷ ಮಾತ್ರ ಚಿತ್ರ ನಿಂತು ನಿಜವಾದ ಸುದ್ದಿ ದೃಶ್ಯ ಬರುತ್ತದೆ, ಅಳುವ ಹೆಂಗಸರು, ಹೆಣಗಳು. ಮೊದಲಿಂದ ಕ್ಯಾಮೆರಾದಲ್ಲೇ ತೆಗೆದಿದ್ದರೆ ಆ ಏಟು ಬೀಳುತ್ತಲೇ ಇರಲಿಲ್ಲ.

2021ರ ‘ಫ್ಲೀ’ಯಲ್ಲಿ ಕಾರಣ ಇನ್ನೂ ಸರಳ. ದೇಶ ಬಿಟ್ಟು ಓಡಿಬಂದ ಒಬ್ಬ ನಿಜವಾದ ಮನುಷ್ಯ ತನ್ನ ಕಥೆ ಹೇಳುತ್ತಿದ್ದಾನೆ. ಅವನ ಮುಖ ತೋರಿಸುವ ಹಾಗಿಲ್ಲ. ಧ್ವನಿ ಅವನದ್ದೇ, ಮುಖ ಮಾತ್ರ ಬಿಡಿಸಿದ್ದು. ಮುಖ ಮಸುಕು ಮಾಡಿದ್ದರೆ ಅಪರಾಧಿಯ ಹಾಗೆ ಕಾಣುತ್ತಿದ್ದ, ಅಲ್ವಾ?

ಸುಮ್ನೆಒಬ್ಬ

ಮಸುಕು ಮುಖದ ಮಾತು ಸರಿ ಇದೆ. ಇದನ್ನು ನಾನು ಯೋಚಿಸಿರಲಿಲ್ಲ.

ಪೆನ್ಸಿಲ್‌ತುಂಡು

ಆರು ವರ್ಷ ಅನಿಮೇಟರ್ ಆಗಿದ್ದೆ. ಈಗ ಬೇರೆ ಕೆಲಸ. ಮೊದಲ ಪ್ರಶ್ನೆಗೆ ನನ್ನ ಉತ್ತರ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಟ ಕ್ಯಾಮೆರಾ ಮುಂದೆ ಬಂದು ನಿಂತರೆ ಸಾಕು, ಎಷ್ಟೋ ಸಂಗತಿ ಪುಕ್ಕಟೆ ಬರುತ್ತವೆ. ಅವನ ಉಸಿರು, ಗಾಳಿಗೆ ಹಾರುವ ಕೂದಲು, ಅಂಗಿಯ ಸುಕ್ಕು. ನಮಗೆ ಉಸಿರೂ ಪುಕ್ಕಟೆ ಇಲ್ಲ. ಪಾತ್ರ ಉಸಿರಾಡಬೇಕು ಅಂದರೆ ಒಬ್ಬರು ಕೂತು ಎದೆ ಏರಿಸಬೇಕು, ಇಳಿಸಬೇಕು. ಅದಕ್ಕೇ ಪರದೆ ಮೇಲೆ ಏನು ಕಂಡರೂ ಅದು ಯಾರೋ ಬೇಕು ಅಂತ ಇಟ್ಟಿದ್ದು. ಬೇಡದ್ದು ಇಲ್ಲವೇ ಇಲ್ಲ. ನೋಡುವವರಿಗೆ ಇದು ಗೊತ್ತಾಗಲ್ಲ, ಆದರೆ ನೇರವಾಗಿ ನಾಟುತ್ತೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಶಾಟ್ ಕೊಟ್ಟರು. ಒಬ್ಬ ಬೆಂಚಿನ ಮೇಲೆ ಕೂತು ಪತ್ರ ಓದುತ್ತಾನೆ. ಅಷ್ಟೇ. ಮಾಡಿದೆ. ಸುಮ್ಮನೆ ಜೀವ ಇರಲಿ ಅಂತ ಮಧ್ಯೆ ಒಮ್ಮೆ ಕಣ್ಣು ಮಿಟುಕಿಸಿದೆ. ಸೀನಿಯರ್ ನೋಡಿದರು.

“ಇವನು ಯಾಕೆ ಮಿಟುಕಿಸಿದ?”

“ಸರ್, ಜನ ಮಿಟುಕಿಸ್ತಾರಲ್ಲ.”

“ಜನ ಮಿಟುಕಿಸ್ತಾರೆ. ಇವನು ಯಾಕೆ ಮಿಟುಕಿಸಿದ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಮಿಟುಕನ್ನು ಎತ್ತಿ ಒಂಬತ್ತು ಫ್ರೇಮ್ ಮುಂದಕ್ಕೆ ಹಾಕಿದರು, ಕಣ್ಣಿನ ಗೊಂಬೆ ಕೊನೆಯ ಸಾಲು ದಾಟಿದ ಮೇಲೆ. ರೆಪ್ಪೆ ಮುಚ್ಚುವುದಕ್ಕೆ ಎರಡು ಫ್ರೇಮ್, ಮುಚ್ಚಿಕೊಂಡೇ ಎರಡು, ತೆರೆಯುವುದಕ್ಕೆ ನಾಲ್ಕು. ಮೊದಲು ಅವನು ಸುಮ್ಮನೆ ಓದುತ್ತಿದ್ದ. ಈಗ ಓದಿ ಮುಗಿಸಿ, ಸುದ್ದಿ ಅರ್ಥ ಆಗಿ, ನುಂಗಿಕೊಂಡ. ಮುಖದಲ್ಲಿ ಬೇರೆ ಏನೂ ಬದಲಾಗಿಲ್ಲ. ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ, ಒಂಬತ್ತು ಅಂದರೆ ಅರ್ಧ ಸೆಕೆಂಡೂ ಇಲ್ಲ!

ಹಿಟ್ಟಿನ ಮೂಟೆಯ ಅಭ್ಯಾಸ ಅಂತ ಒಂದಿದೆ, ಹಳೇ ಡಿಸ್ನಿ ಕಾಲದ್ದು. ಅರ್ಧ ತುಂಬಿದ ಮೂಟೆ. ಕಣ್ಣಿಲ್ಲ, ಬಾಯಿಲ್ಲ, ಕೈಕಾಲಿಲ್ಲ, ನಾಲ್ಕು ಮೂಲೆ ಮಾತ್ರ. ಅದಕ್ಕೆ ಸಂತೋಷ, ಸಿಟ್ಟು, ನಾಚಿಕೆ ತರಬೇಕು. ನಾಚಿಕೆಗೆ ನಾನು ಮೂರು ದಿನ ತಗೊಂಡೆ. ಕೊನೆಗೆ ಮೇಲಿನ ಒಂದು ಮೂಲೆಯನ್ನು ಒಳಕ್ಕೆ ತಿರುಗಿಸಿ, ಭಾರವನ್ನು ಹಿಂದಕ್ಕೆ ಒರಗಿಸಿದಾಗ ಬಂತು. ಮೂಟೆಯನ್ನು ನೋಡಿ ಪಕ್ಕದ ಹುಡುಗ “ಅಯ್ಯೋ ಪಾಪ” ಅಂದ. ಅವತ್ತು ಸಂಬಳ ಬಂದಷ್ಟು ಖುಷಿಯಾಯಿತು.

ತರ್ಲೆ

ಇವತ್ತಿಂದ ಮನೆಯ ದಿಂಬಿಗೆಲ್ಲ ನಮಸ್ಕಾರ ಹಾಕ್ತೀನಿ.

ತಮಾಷೆ ಬಿಟ್ಟು, ಸೆಕೆಂಡಿಗೆ 24 ಚಿತ್ರ ಬಿಡಿಸಬೇಕು ಅಂತಾರಲ್ಲ, ಒಂದು ಸಿನಿಮಾಗೆ ಎಷ್ಟಾಗುತ್ತೆ? ತಲೆ ತಿರುಗುತ್ತೆ.

ಲೆಕ್ಕದಮೇಷ್ಟ್ರು

90 ನಿಮಿಷ, ನಿಮಿಷಕ್ಕೆ 60 ಸೆಕೆಂಡು, ಸೆಕೆಂಡಿಗೆ 24. ಒಟ್ಟು 1,29,600.

ಪೆನ್ಸಿಲ್‌ತುಂಡು

ಮೇಷ್ಟ್ರೇ, ಗುಣಾಕಾರ ಸರಿ, ಆದರೆ ಅಷ್ಟು ಬಿಡಿಸಲ್ಲ. ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತೇವೆ. ‘ಎರಡರ ಮೇಲೆ’ ಅನ್ನುತ್ತೇವೆ. ಸೆಕೆಂಡಿಗೆ 12 ಚಿತ್ರ. ಓಟ, ಹೊಡೆದಾಟ ಇದ್ದರೆ ಮಾತ್ರ ‘ಒಂದರ ಮೇಲೆ’, ಅಂದರೆ ಪೂರ್ತಿ 24. ಹಿನ್ನೆಲೆ ಒಮ್ಮೆ ಬಿಡಿಸಿದರೆ ಶಾಟ್ ಮುಗಿಯುವವರೆಗೂ ಅದೇ. ಮತ್ತೊಂದು ಕಡೆ, ಒಂದೇ ಫ್ರೇಮಿನಲ್ಲಿ ನಾಲ್ಕು ಪಾತ್ರ ಇದ್ದರೆ ನಾಲ್ಕು ಚಿತ್ರ. ಹಾಗಾಗಿ ಲೆಕ್ಕ ಹಾಕುವುದು ಕಷ್ಟ.

ಕತ್ತರಿಕಾಗದ

2018ರ ‘ಸ್ಪೈಡರ್-ವರ್ಸ್’ನಲ್ಲಿ ಇದನ್ನೇ ಕಥೆಗೆ ಬಳಸಿದ್ದಾರೆ! ಮೈಲ್ಸ್ ಸ್ಪೈಡರ್-ಮ್ಯಾನ್ ಆಗಲು ಇನ್ನೂ ಕಲಿಯುತ್ತಿರುವ ಹುಡುಗ, ಪೀಟರ್ ಪಳಗಿದ ಸ್ಪೈಡರ್-ಮ್ಯಾನ್. ಕಾಡಿನಲ್ಲಿ ಇಬ್ಬರೂ ಜೋತಾಡಿಕೊಂಡು ಹೋಗುವಾಗ ಪೀಟರ್ ಒಂದರ ಮೇಲೆ, ಮೈಲ್ಸ್ ಎರಡರ ಮೇಲೆ. ಒಬ್ಬ ನೀರಿನಂತೆ ಹರಿಯುತ್ತಾನೆ, ಇನ್ನೊಬ್ಬ ತಡವರಿಸುತ್ತಾನೆ. ಹುಡುಗ ಪಳಗಿದ ಮೇಲೆ ಅವನ ಚಲನೆಯೂ ನಯವಾಗುತ್ತದೆ. ನಾನು ಮೂರು ಸಲ ನೋಡಿದಾಗಲೂ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಬೇರೆ ಏನೂ ಕಾಣಲ್ಲ.

ಲೆಕ್ಕದಮೇಷ್ಟ್ರು

ಎರಡರ ಮೇಲೆ ಅಂದರೆ 64,800. ‘ಲವಿಂಗ್ ವಿನ್ಸೆಂಟ್’ (2017) ಸುಮಾರು 65,000 ತೈಲಚಿತ್ರಗಳಿಂದ ಮಾಡಿದ್ದು ಅಂತ ಓದಿದ್ದೆ. ಈಗ ಲೆಕ್ಕ ಕೂಡಿತು. ನೂರಕ್ಕೂ ಹೆಚ್ಚು ಕಲಾವಿದರು ಚಿತ್ರಕಾರ ವಾನ್ ಗೋ ಶೈಲಿಯಲ್ಲಿ ಎಣ್ಣೆ ಬಣ್ಣದಲ್ಲಿ ಬಿಡಿಸಿದ್ದಾರೆ.

ಸುಮ್ನೆಒಬ್ಬ

ಅದನ್ನು ನೋಡಿದ್ದೇನೆ. ಬಣ್ಣ ಅದ್ಭುತ, ಕಥೆ ಸಪ್ಪೆ. ಕಷ್ಟಪಟ್ಟ ಮಾತ್ರಕ್ಕೆ ಸಿನಿಮಾ ಒಳ್ಳೆಯದಾಗಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಮೂಲೆಸೀಟು

ಇವತ್ತು ಸುಮ್ನೆಒಬ್ಬರ ಮಾತಿಗೆ ನಾನೂ ತಲೆಯಾಡಿಸಬೇಕಾಯಿತು. ಬರೆದಿಟ್ಟುಕೊಳ್ಳಿ.

ಹಳೇಪ್ರೊಜೆಕ್ಟರ್

ಎಲ್ಲರೂ ಹೊಸದನ್ನೇ ಹೇಳ್ತಿದ್ದೀರಿ. ಬಿಡಿಸಿದ ಬೊಂಬೆಗೆ ಜನ ಅಳುವುದು ಹೊಸದೇನಲ್ಲ. ಜಗತ್ತಿನ ಮೊದಲ ಪೂರ್ಣಾವಧಿ ಅನಿಮೇಷನ್ ಸಿನಿಮಾ, 1937ರ ‘ಸ್ನೋ ವೈಟ್’. ತಯಾರಾಗುವಾಗ ಚಿತ್ರರಂಗದವರು ‘ಡಿಸ್ನಿಯ ಹುಚ್ಚಾಟ’ ಅಂತ ಆಡಿಕೊಂಡರು. ಕಾರ್ಟೂನನ್ನು ಒಂದೂಕಾಲು ಗಂಟೆ ಯಾರು ಕೂತು ನೋಡ್ತಾರೆ ಅಂತ. ಮೊದಲ ಪ್ರದರ್ಶನದಲ್ಲೇ, ಸ್ನೋ ವೈಟ್ ಸತ್ತಳು ಅಂದುಕೊಂಡು ಏಳು ಕುಳ್ಳರು ಅವಳ ಸುತ್ತ ನಿಂತು ಅಳುವಾಗ ಸಭಿಕರೂ ಅತ್ತರು. ಆ ದೃಶ್ಯ ಮಾಡಿದವರು ಫ್ರಾಂಕ್ ಥಾಮಸ್. ಹೋಗಿ ನೋಡಿ, ಕುಳ್ಳರು ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಒಬ್ಬ ಮುಖ ತಿರುಗಿಸುತ್ತಾನೆ, ಒಂದು ಕಣ್ಣೀರ ಹನಿ ಇಳಿಯುತ್ತದೆ. ಇಷ್ಟೇ. ಆಮೇಲೆ ಡಿಸ್ನಿಗೆ ಒಂದು ದೊಡ್ಡ ಆಸ್ಕರ್ ಜೊತೆಗೆ ಏಳು ಪುಟಾಣಿ ಆಸ್ಕರ್ ಕೊಟ್ಟರು.

ಕತ್ತರಿಕಾಗದ

ಪ್ರೊಜೆಕ್ಟರ್ ಸರ್, ಮೊದಲನೆಯದು ಅದಲ್ಲ. ಲೊಟ್ಟೆ ರೈನಿಗರ್ 1926ರಲ್ಲೇ ‘ಪ್ರಿನ್ಸ್ ಅಹ್ಮದ್’ ಮಾಡಿದ್ದರು. ಕಪ್ಪು ಕಾಗದ ಕತ್ತರಿಸಿ, ಕೀಲು ಜೋಡಿಸಿ, ಬೆಳಕಿನ ಮೇಲೆ ಇಟ್ಟು ಒಂದೊಂದೇ ಫ್ರೇಮ್. ಮೂರು ವರ್ಷ ಹಿಡಿಯಿತು. ನನ್ನ ಹೆಸರು ಇಲ್ಲಿಂದಲೇ ಬಂದಿದ್ದು.

ಹಳೇಪ್ರೊಜೆಕ್ಟರ್

ನಾನು ಹೇಳಿದ್ದು ಸೆಲ್ ಅನ್ನುವ ಪಾರದರ್ಶಕ ಹಾಳೆ ಮೇಲೆ ಕೈಯಲ್ಲಿ ಬಿಡಿಸಿದ್ದು.

ಕತ್ತರಿಕಾಗದ

ಹೇಳಿದ್ದು ‘ಜಗತ್ತಿನ ಮೊದಲ’ ಅಂತ. ಮೇಲೆ ಹೋಗಿ ಓದಿಕೊಳ್ಳಿ.

ರೀಲುರಾಯ

ಇಬ್ಬರದ್ದೂ ತಪ್ಪು. ಅರ್ಜೆಂಟೀನಾದ ಕ್ವಿರಿನೋ ಕ್ರಿಸ್ತಿಯಾನಿ 1917ರಲ್ಲಿ ‘ಎಲ್ ಅಪೋಸ್ತೊಲ್’ ಮಾಡಿದ್ದರು. ಅದರ ಪ್ರತಿ ಈಗ ಒಂದೂ ಉಳಿದಿಲ್ಲ. ಉಳಿದಿರುವುದರಲ್ಲಿ ಹಳೆಯದು ‘ಅಹ್ಮದ್’. ಜಗಳ ಮುಗೀತಾ?

ಹಳೇಪ್ರೊಜೆಕ್ಟರ್

ಮುಗೀತು. ಆದರೆ ಕುಳ್ಳರ ವಿಷಯದಲ್ಲಿ ನಾನು ಹೇಳಿದ್ದು ಸರಿ.

ಅರ್ಧಚಂದ್ರ

ಅಲುಗಾಡದೆ ಇರುವುದರ ಬಗ್ಗೆ ಹೇಳಿದಿರಿ ನೋಡಿ, ಅಲ್ಲಿಗೆ ಬರುತ್ತೇನೆ. ನನಗೆ ಅನಿಮೇಷನ್ ಹುಚ್ಚು ಹಿಡಿಸಿದ್ದು ಜಪಾನಿನ ನಿರ್ದೇಶಕ ಮಿಯಝಾಕಿ. 2001ರ ‘ಸ್ಪಿರಿಟೆಡ್ ಅವೇ’ಯಲ್ಲಿ ಒಂದು ರೈಲು ಇದೆ. ನೀರಿನ ಮೇಲೆ ಹೋಗುತ್ತದೆ. ಚಿಹಿರೋ ಸೀಟಿನಲ್ಲಿ ಕೂತಿದ್ದಾಳೆ, ಪಕ್ಕದಲ್ಲಿ ಆ ಮುಖವಾಡದ ಭೂತ. ಯಾರೂ ಮಾತಾಡಲ್ಲ. ನೆರಳಿನಂಥ ಪ್ರಯಾಣಿಕರು ಹತ್ತುತ್ತಾರೆ, ಇಳಿಯುತ್ತಾರೆ. ಹೊರಗೆ ಕತ್ತಲಾಗುತ್ತದೆ. ಕಥೆಯೂ ಮುಂದಕ್ಕೆ ಹೋಗಲ್ಲ. ಅಷ್ಟು ಓಟ, ಗದ್ದಲ ಆದ ಮೇಲೆ ಆ ಹುಡುಗಿಗೂ ನಮಗೂ ಕೂತುಕೊಳ್ಳಲು ಸಿಕ್ಕ ಜಾಗ ಅದು.

ವಿಮರ್ಶಕ ರೋಜರ್ ಎಬರ್ಟ್ ಇದರ ಬಗ್ಗೆ ಕೇಳಿದಾಗ ಮಿಯಝಾಕಿ ಚಪ್ಪಾಳೆ ತಟ್ಟಿ ತೋರಿಸಿದರಂತೆ. ಎರಡು ಚಪ್ಪಾಳೆಯ ಮಧ್ಯೆ ಇರುವ ಹೊತ್ತಿಗೆ ಜಪಾನಿ ಭಾಷೆಯಲ್ಲಿ ‘ಮಾ’ ಅನ್ನುತ್ತಾರೆ ಅಂತ. ಖಾಲಿ ಬಿಡುವುದೂ ಕೆಲಸವೇ.

ಇನ್ನೊಂದು. ಅದೇ ಹುಡುಗಿ ಶೂ ಹಾಕಿಕೊಂಡು ಹೊರಡುವಾಗ ಕಾಲ್ಬೆರಳ ತುದಿಯನ್ನು ನೆಲಕ್ಕೆ ಟಪ್ ಟಪ್ ಅಂತ ಕುಟ್ಟುತ್ತಾಳೆ. ಕಥೆಗೆ ಬೇಕಾ? ಬೇಡ. ಬಿಡಿಸದಿದ್ದರೆ ಎಷ್ಟೋ ಕೆಲಸ ಉಳಿಯುತ್ತಿತ್ತು. ಆದರೆ ಅದನ್ನು ನೋಡಿದ ಕ್ಷಣ ‘ಅಯ್ಯೋ, ನಾನೂ ಹೀಗೇ ಮಾಡ್ತಿದ್ದೆ’ ಅನ್ನಿಸಿತು. ಅವತ್ತಿಂದ ಆ ಹುಡುಗಿಗೆ ಏನಾದರೂ ಆದರೆ ನನಗೇ ಆದಂತೆ.

ಸುಮ್ನೆಒಬ್ಬ

ಆ ರೈಲಿನ ಹೊತ್ತಿಗೆ ನನಗೆ ನಿದ್ದೆ ಬಂದಿತ್ತು. ಪ್ರಾಮಾಣಿಕವಾಗಿ ಹೇಳ್ತಿದ್ದೀನಿ.

ಅರ್ಧಚಂದ್ರ

ರೈಲಿನಲ್ಲಿ ನಿದ್ದೆ ಬರೋದು ಸಹಜ ಬಿಡಿ.

ಬಣ್ಣದಬುಗುರಿ

😀

ನನ್ನದೊಂದು ವಾದ ಇದೆ. ಮುಖ ಸರಳ ಆದಷ್ಟೂ ನಾವು ಅದರೊಳಗೆ ಹೋಗಿ ಕೂತುಕೊಳ್ಳುತ್ತೇವೆ. ಮಣ್ಣಿನ ಬೊಂಬೆ ಗ್ರಾಮಿಟ್ ನಾಯಿ ನೋಡಿ. ಬಾಯೇ ಇಲ್ಲ. ಅದನ್ನು ಮಾಡಿದ ನಿಕ್ ಪಾರ್ಕ್ ಮೊದಲು ಬಾಯಿ ಇಟ್ಟು ಮಾತಾಡಿಸಬೇಕು ಅಂತಿದ್ದರಂತೆ. 1989ರ ‘ಎ ಗ್ರ್ಯಾಂಡ್ ಡೇ ಔಟ್’ ಮಾಡುವಾಗ ಹುಬ್ಬಿನ ಮಣ್ಣನ್ನು ಸ್ವಲ್ಪ ಒತ್ತಿದರೆ ಸಾಕು, ಎಲ್ಲಾ ಗೊತ್ತಾಗುತ್ತೆ ಅಂತ ಕಂಡುಕೊಂಡರು. ಯಜಮಾನ ಏನೋ ಪೆದ್ದುತನ ಮಾಡುತ್ತಾನೆ, ನಾಯಿಯ ಹುಬ್ಬು ಒಂದು ಕೂದಲೆಳೆ ಕೆಳಗಿಳಿಯುತ್ತೆ. ನಮ್ಮಮ್ಮ ನಮ್ಮಪ್ಪನನ್ನು ನೋಡುವ ನೋಟ ಅದು, ಬೇರೆ ಅಲ್ಲವೇ ಅಲ್ಲ.

ವಾಲ್-ಇ ಅನ್ನುವ ರೋಬೋಟ್ ಕೂಡ ಹಾಗೇ. ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್ ಬೇಸ್‌ಬಾಲ್ ಪಂದ್ಯ ನೋಡಲು ಹೋದಾಗ ಯಾರದ್ದೋ ದುರ್ಬೀನು ಕೈಗೆ ಬಂತು. ಅದನ್ನು ಹಿಂದು ಮುಂದು ತಿರುಗಿಸಿ, ಮಡಿಚಿ ನೋಡುತ್ತಾ ಕೂತರು. ಹೀಗೆ ಓರೆ ಮಾಡಿದರೆ ಬೇಜಾರಿನ ಮುಖ, ಹಾಗೆ ಮಾಡಿದರೆ ಸಿಟ್ಟಿನ ಮುಖ. ಪಂದ್ಯ ತಪ್ಪಿತು, ರೋಬೋಟಿನ ಕಣ್ಣು ಸಿಕ್ಕಿತು.

ಈಗ 2019ರ ‘ಲಯನ್ ಕಿಂಗ್’ ಹಾಕಿ. ಕೂದಲು ಕೂದಲೂ ನಿಜವಾದ ಸಿಂಹದ್ದೇ. ಆದರೆ ಬಾಯಿ ಮಾತಾಡುತ್ತೆ, ಮುಖ ಮಾತಾಡಲ್ಲ. ನಿಜವಾದ ಸಿಂಹಕ್ಕೆ ಅಳುವ ಹುಬ್ಬು ಎಲ್ಲಿಂದ ಬರಬೇಕು? 1994ರದ್ದರಲ್ಲಿ ಮರಿ ಸತ್ತ ಅಪ್ಪನ ತೋಳಿನಡಿ ನುಸುಳಿ ಮಲಗುವಾಗ ನಾನು ಎದ್ದು ಹೋಗಿದ್ದೆ, ನೋಡಲಾಗದೆ. ಹೊಸದರಲ್ಲಿ ಮೊಬೈಲ್ ನೋಡಿದೆ.

ಮೂಲೆಸೀಟು

ಬುಗುರಿಯವರೇ, ಉದಾಹರಣೆ ಚೆನ್ನಾಗಿದೆ, ವಾದ ಪೂರ್ತಿ ಒಪ್ಪಲ್ಲ. ಟಿವಿಯಲ್ಲಿ ಬೆಳಗ್ಗಿಂದ ರಾತ್ರಿವರೆಗೆ ಬರುವ ಕಾರ್ಟೂನುಗಳ ಮುಖವೂ ಸರಳವೇ. ಎರಡು ಚುಕ್ಕೆ, ಒಂದು ಗೆರೆ. ಅವಕ್ಕೆ ಯಾರು ಅಳ್ತಾರೆ? ಮುಖ ಸರಳ ಇದ್ದರೆ ಬಾಗಿಲು ತೆರೆದಿದೆ ಅಂತ ಅರ್ಥ. ಒಳಗೆ ಮನೆ ಇರಬೇಕಲ್ಲ.

ರೀಲುರಾಯ

ಆ ಮನೆ ಕಟ್ಟುವುದು ಹೇಗೆ ಅಂತ ನಾನು ಹೇಳ್ತೀನಿ. ಮಾಮೂಲಿ ಸಿನಿಮಾದಲ್ಲಿ ಮೊದಲು ಶೂಟಿಂಗ್, ಆಮೇಲೆ ಎಡಿಟಿಂಗ್. ಅನಿಮೇಷನ್‌ನಲ್ಲಿ ಉಲ್ಟಾ. ಮೊದಲು ಸ್ಟೋರಿಬೋರ್ಡಿನ ಒರಟು ಚಿತ್ರಗಳನ್ನು ಸಾಲಾಗಿ ಜೋಡಿಸಿ, ಯಾರದ್ದೋ ಧ್ವನಿ ಹಾಕಿ, ಇಡೀ ಸಿನಿಮಾ ಕೂತು ನೋಡುತ್ತಾರೆ. ಬೇಜಾರಾದ ಕಡೆ ಹರಿದು ಹಾಕುತ್ತಾರೆ. ಮತ್ತೆ ಬಿಡಿಸುತ್ತಾರೆ. ಮತ್ತೆ ನೋಡುತ್ತಾರೆ. ಬಿಡಿಸಿದ ಮೇಲೆ ಕತ್ತರಿಸುವುದು ದುಬಾರಿ, ಅದಕ್ಕೆ ಕಥೆಯನ್ನು ಮೊದಲೇ ಅರೆದು ಅರೆದು ನುಣ್ಣಗೆ ಮಾಡುತ್ತಾರೆ.

‘ಟಾಯ್ ಸ್ಟೋರಿ’ 1995ರಲ್ಲಿ ಬಂತು, ಪೂರ್ತಿ ಕಂಪ್ಯೂಟರಿನಲ್ಲಿ ಮಾಡಿದ ಮೊದಲ ಸಿನಿಮಾ. (ಪ್ರೊಜೆಕ್ಟರ್ ಸರ್, ಈ ‘ಮೊದಲ’ ಸರಿ ಇದೆ.) 1993ರ ನವೆಂಬರಿನಲ್ಲಿ ಅದರ ಕಚ್ಚಾ ರೀಲು ಡಿಸ್ನಿಯವರಿಗೆ ತೋರಿಸಿದರು. ಅದರಲ್ಲಿ ನಾಯಕ ಬೊಂಬೆ ವುಡಿ ಎಂಥವನು ಗೊತ್ತಾ? ಬೇರೆ ಆಟಿಕೆಗಳನ್ನು ಹೀಯಾಳಿಸುವ ದುರಹಂಕಾರಿ. ಯಾರಿಗೂ ಇಷ್ಟವಾಗಲಿಲ್ಲ, ಕೆಲಸವೇ ನಿಂತಿತು. ಬರೆದವರು ಕೂತು ಅವನನ್ನು ತಿದ್ದಿದರು. ಹೊಟ್ಟೆಕಿಚ್ಚು ಹಾಗೇ ಇಟ್ಟರು, ಅದರ ಕೆಳಗೆ ಭಯ ಇಟ್ಟರು. ‘ನನ್ನನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಂಡರೆ?’ ಈಗ ನಮಗೆ ಅವನು ಬೈಯುವವನಲ್ಲ, ನಮ್ಮ ಹಾಗೇ ಒಬ್ಬ.

‘ಇನ್‌ಸೈಡ್ ಔಟ್’ (2015) ಇನ್ನೂ ಮಜಾ. ಅಲ್ಲಿ ಒಬ್ಬ ಹುಡುಗಿಯ ತಲೆಯೊಳಗಿನ ಭಾವನೆಗಳೇ ಪಾತ್ರಗಳು. ಸಂತೋಷದ ಜೊತೆ ದಾರಿ ತಪ್ಪುವುದು ಮೊದಲು ಭಯ ಆಗಿತ್ತು. ವರ್ಷಗಟ್ಟಲೆ ಹಾಗೇ ಮಾಡಿದರು. ಕೂಡಿ ಬರಲಿಲ್ಲ. ನಿರ್ದೇಶಕ ಪೀಟ್ ಡಾಕ್ಟರ್‌ಗೆ ಕೊನೆಗೆ ಹೊಳೆದದ್ದು, ಜೊತೆಗೆ ಹೋಗಬೇಕಾದ್ದು ದುಃಖ ಅಂತ. ಭಯವನ್ನು ತೆಗೆದು ನೀಲಿ ಬಣ್ಣದ ದುಃಖವನ್ನು ಇಟ್ಟರು, ಇಡೀ ಸಿನಿಮಾ ಬದಲಾಯಿತು.

ನಿದ್ದೆಗೆಟ್ಟವಳು

ನನ್ನ ಮಗಳು ಆ ಸಿನಿಮಾ ನೋಡಿದ ಮೇಲೆ ಶಾಲೆಯಿಂದ ಬಂದು “ಇವತ್ತು ನೀಲಿ ಜಾಸ್ತಿ ಅಮ್ಮ” ಅನ್ನುತ್ತಾಳೆ. ಯಾಕೆ ಅಂತ ಕೇಳಬೇಕಾಗಿಲ್ಲ, ಪಕ್ಕದಲ್ಲಿ ಕೂತರೆ ಸಾಕು.

ಹಳೇಪ್ರೊಜೆಕ್ಟರ್

ತೋರಿಸದೆ ಬಿಡುವುದರ ಬಗ್ಗೆ ಯಾರೂ ಹೇಳಲಿಲ್ಲ. 1942ರ ‘ಬ್ಯಾಂಬಿ’. ತಾಯಿ ಜಿಂಕೆ, ಮರಿ ಓಡುತ್ತಿವೆ. ಗುಂಡಿನ ಸದ್ದು. ಮರಿ ಗೂಡು ಸೇರಿ “ಬಂದ್ವಿ ಅಮ್ಮ” ಅನ್ನುವ ಹಾಗೆ ಹಿಂದೆ ತಿರುಗುತ್ತದೆ. ಯಾರೂ ಇಲ್ಲ. ಹಿಮ ಬೀಳುತ್ತಿದೆ. ಹೆಣ ತೋರಿಸಲಿಲ್ಲ, ರಕ್ತ ತೋರಿಸಲಿಲ್ಲ, ಬೇಟೆಗಾರನನ್ನಂತೂ ಇಡೀ ಸಿನಿಮಾದಲ್ಲಿ ಒಮ್ಮೆಯೂ ತೋರಿಸಲಿಲ್ಲ. ಏನು ಬೇಕಾದರೂ ಬಿಡಿಸಬಲ್ಲವರು ಅದನ್ನು ಬಿಡಿಸಲಿಲ್ಲ.

ತರ್ಲೆ

ಸರ್, ಅದನ್ನು ನಾನು ಐದನೇ ವಯಸ್ಸಿಗೆ ನೋಡಿದ್ದು. ನಮ್ಮಮ್ಮ ಒಂದು ವಾರ ನನ್ನನ್ನು ಬಿಟ್ಟು ಬಾತ್‌ರೂಮಿಗೂ ಹೋಗುವ ಹಾಗಿರಲಿಲ್ಲ. ಬಾಗಿಲ ಹೊರಗೆ ಕೂತು “ಅಮ್ಮಾ ಇದೀಯಾ?” ಅಂತ ಕೇಳ್ತಿದ್ದೆ. ಇದನ್ನು ಇಲ್ಲಿ ಯಾಕೆ ಬರೆದೆನೋ.

ಕತ್ತರಿಕಾಗದ

ತರ್ಲೆ ಒಳಗೂ ಒಂದು ಹಿಟ್ಟಿನ ಮೂಟೆ ಇದೆ ಅಂತ ಆಯಿತು.

ಚಿಕ್ಕದ್ವನಿ

ವಿಷಯ ಬಿಟ್ಟು ಕೇಳ್ತೀನಿ, ನೀವೆಲ್ಲ ಡಬ್ಬಿಂಗ್‌ನಲ್ಲಿ ನೋಡ್ತೀರೋ ಸಬ್‌ಟೈಟಲ್‌ನಲ್ಲೋ? ನನಗೆ ಸಬ್‌ಟೈಟಲ್ ಓದುತ್ತಾ ಕೂತರೆ ಚಿತ್ರ ತಪ್ಪಿಹೋಗುತ್ತೆ.

ರೀಲುರಾಯ

ಮೂಲ ಧ್ವನಿ. ಡಬ್ಬಿಂಗ್ ಪಾಪ.

ಅರ್ಧಚಂದ್ರ

ಅನಿಮೇಷನ್‌ನಲ್ಲಿ ಎಲ್ಲ ಧ್ವನಿಯೂ ಹೊರಗಿನಿಂದ ಅಂಟಿಸಿದ್ದೇ ಅಲ್ವಾ ರಾಯರೇ? ಪಾತ್ರಕ್ಕೆ ಸ್ವಂತ ಗಂಟಲೇ ಇಲ್ಲ. ಒಳ್ಳೆ ಡಬ್ಬಿಂಗ್ ಇದ್ದರೆ ಪಾಪ ಏನೂ ಇಲ್ಲ.

ಚಿಕ್ಕದ್ವನಿ

ಇಲ್ಲವೇ ‘ಫ್ಲೋ’ ನೋಡಿ, ಜಗಳವೇ ಬೇಡ. ಲಾಟ್ವಿಯಾದ್ದು, 2024ರದ್ದು. ಬೆಕ್ಕು, ನಾಯಿ, ಹಕ್ಕಿ, ಎಲ್ಲ ಒಂದೇ ದೋಣಿಯಲ್ಲಿ. ಮಾತೇ ಇಲ್ಲ. ಪ್ರಾಣಿಗಳು ಪ್ರಾಣಿಗಳ ಹಾಗೇ ಕೂಗುತ್ತವೆ. ಬ್ಲೆಂಡರ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಮಾಡಿ ಆಸ್ಕರ್ ಹೊಡೆದರು. ಒಂದು ತಮಾಷೆ, ಅದರಲ್ಲಿ ಕ್ಯಾಪಿಬಾರಾ ಅನ್ನುವ ದೊಡ್ಡ ಇಲಿಯಂಥ ಪ್ರಾಣಿ ಇದೆ, ಅದರ ಧ್ವನಿ ಕ್ಯಾಪಿಬಾರಾದ್ದಲ್ಲ. ನಿಜವಾದದ್ದರ ಕೂಗು ಪಾತ್ರಕ್ಕೆ ಹೊಂದಲಿಲ್ಲ ಅಂತ ಒಂಟೆ ಮರಿಯ ಧ್ವನಿ ಹಾಕಿದ್ದಾರೆ.

ತರ್ಲೆ

ಅಲ್ಲೂ ಡಬ್ಬಿಂಗ್!

ಸುಮ್ನೆಒಬ್ಬ

ಇಷ್ಟೆಲ್ಲ ಕಷ್ಟ ಯಾಕೆ, ಇನ್ನು ಎಐ ಬಂತಲ್ಲ. ಒಂದು ಸಾಲು ಬರೆದರೆ ಸಿನಿಮಾ.

ಪೆನ್ಸಿಲ್‌ತುಂಡು

ಬರಬಹುದು. ಆದರೆ “ಇವನು ಯಾಕೆ ಮಿಟುಕಿಸಿದ?” ಅಂತ ಯಾರನ್ನು ಕೇಳುತ್ತೀರಿ?

ಕೆಲಸ ಬಿಟ್ಟಿದ್ದು ಯಾಕೆ ಅಂತ ಒಬ್ಬರು ಖಾಸಗಿಯಾಗಿ ಕೇಳಿದರು, ಇಲ್ಲೇ ಹೇಳಿಬಿಡ್ತೀನಿ. ನಾನಿದ್ದ ಕಡೆ ಒಂದು ಸಿನಿಮಾಗೆ ಹದಿನಾಲ್ಕು ತಿಂಗಳು ಕೂತೆ. ಕೊನೆಯ ಎರಡು ತಿಂಗಳು ಮನೆಗೆ ಹೋಗಿದ್ದು ಸ್ನಾನಕ್ಕೆ ಮಾತ್ರ. ಬಿಡುಗಡೆಯ ದಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದೆ. ಸಿನಿಮಾ ಮುಗಿಯಿತು, ಜನ ಎದ್ದು ಹೋದರು, ನಾವು ಮೂವರು ಕೂತೇ ಇದ್ದೆವು. ಹೆಸರುಗಳು ಓಡಿದವು. ನನ್ನದು ಬರಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು “ಬೇಗ ಹೋಯ್ತು ಕಣೋ, ನನಗೆ ಓದೋಕೆ ಆಗಲಿಲ್ಲ” ಅಂದರು. ಅವರಿಗೆ ಓದಲು ಆಗಿತ್ತು.

ಅದಕ್ಕೇ ನಾನು ಈಗಲೂ ಅನಿಮೇಷನ್ ಸಿನಿಮಾದಲ್ಲಿ ಲೈಟ್ ಹಾಕಿದ ಮೇಲೂ ಏಳಲ್ಲ.

ಮೂಲೆಸೀಟು

ಇನ್ನು ಮೇಲೆ ನಾನೂ ಏಳಲ್ಲ.

ಬಣ್ಣದಬುಗುರಿ

ನಾನೂ.

ಸುಮ್ನೆಒಬ್ಬ

ಎಐ ಮಾತು ಹಿಂದಕ್ಕೆ ತಗೊಂಡೆ. ಆ ನಾಚಿಕೆಯ ಮೂಟೆ ಇನ್ನೂ ಇದೆಯಾ? ಇದ್ದರೆ ಹಾಕಿ, ನೋಡೋಣ.

ಪೆನ್ಸಿಲ್‌ತುಂಡು

ಹಳೇ ಹಾರ್ಡ್‌ಡಿಸ್ಕಿನಲ್ಲಿ ಹುಡುಕ್ತೀನಿ.

ನಿದ್ದೆಗೆಟ್ಟವಳು ಅವರೇ, ನಿಮಗೊಂದು ಕೆಲಸ. ಆ ನಾಲ್ಕೂವರೆ ನಿಮಿಷವನ್ನು ಮ್ಯೂಟ್ ಮಾ‌ಡಿ ನೋಡಿ. ತರ್ಲೆ ಹೇಳಿದಂತೆ ಸಂಗೀತದ್ದೇ ಕೈವಾಡವೋ ಅಲ್ಲವೋ ಗೊತ್ತಾಗುತ್ತೆ. ಕಾರ್ಲ್‌ನ ಆಕಾರವನ್ನೂ ನೋಡಿ. ಅವನ ತಲೆ, ಕುರ್ಚಿ, ಫೋಟೋ ಚೌಕಟ್ಟು, ಎಲ್ಲ ಚೌಕ. ಎಲ್ಲಿಯ ಸುತ್ತ ಇರುವುದೆಲ್ಲ ದುಂಡಗೆ.

ನಿದ್ದೆಗೆಟ್ಟವಳು

ಮಾಡಿದೆ. ಈಗಷ್ಟೇ.

ಮಗಳು ಮಲಗಿದ ಮೇಲೆ ಸೌಂಡ್ ಪೂರ್ತಿ ತೆಗೆದು ಹಾಕಿದೆ. ಚೌಕ, ದುಂಡು ಎರಡೂ ಕಂಡವು. ಅಕ್ಕಪಕ್ಕದ ಕುರ್ಚಿಗಳಲ್ಲಿ ಅವನದು ಚೌಕ, ಅವಳದು ದುಂಡು. ಅವಳು ಹೋದ ಮೇಲೂ ದುಂಡು ಕುರ್ಚಿ ಅಲ್ಲೇ ಇರುತ್ತದೆ. ಇದನ್ನು ಮೊದಲ ಸಲ ನೋಡಿದಾಗ ಗಮನಿಸಿರಲಿಲ್ಲ. ತರ್ಲೆಯವರೇ, ಸಂಗೀತ ಇಲ್ಲದೆಯೂ ಬಂತು ಕಣ್ಣೀರು. ಸ್ವಲ್ಪ ಕಡಿಮೆ, ಆದರೆ ಬಂತು.

ನಮ್ಮ ಮನೆಯವರು ಚಾರ್ಜರ್ ಹುಡುಕಿಕೊಂಡು ಹಾಲಿಗೆ ಬಂದರು. “ಸೌಂಡ್ ಇಲ್ಲದೆ ಏನು ನೋಡ್ತಿದ್ದೀಯ?” ಅಂದರು. ಉತ್ತರ ಕೊಡಲಿಲ್ಲ. ಜಾಡಿ ಎರಡನೇ ಸಲ ಒಡೆಯುವ ಹೊತ್ತಿಗೆ ಸೋಫಾ ಹಿಂದೆ ನಿಂತಿದ್ದರು. ಗುಡ್ಡದ ಹೊತ್ತಿಗೆ ಸೋಫಾ ಕೈ ಮೇಲೆ ಕೂತಿದ್ದರು.

ತರ್ಲೆ

ಆಮೇಲೆ? ಅತ್ತರಾ?

ನಿದ್ದೆಗೆಟ್ಟವಳು

ನೀರು ಕುಡಿದು ಬರ್ತೀನಿ ಅಂತ ಅಡುಗೆಮನೆಗೆ ಹೋದರು. ಕಾಲು ಗಂಟೆ ಆಯಿತು. ಚಾರ್ಜರ್ ಇಲ್ಲೇ ಇದೆ.